ಪ್ರಯೋಗ ಮಾಡಿಸಿದರೂ ಪಾಠ ಮಕ್ಕಳ ತಲೆಗೆ ಹತ್ತುತ್ತಿಲ್ಲ, ಯಾಕೆ?

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಕೆಲಸಕ್ಕೆ ಸೇರಿ ಮೂರು ವರ್ಷ. ಬರೀ ಬೋರ್ಡ್ ಮೇಲೆ ಬರೆದು ಪಾಠ ಮಾಡೋದು ಬೇಡ ಅಂತ ಈ ವರ್ಷ ವಾರಕ್ಕೆ ಎರಡು ಪ್ರಯೋಗ ಮಾಡಿಸುತ್ತಿದ್ದೇನೆ. ಮಕ್ಕಳಿಗೆ ತುಂಬಾ ಖುಷಿ. ಆದರೆ ಮೊನ್ನೆ ಟೆಸ್ಟ್ ಕೊಟ್ಟು ನೋಡಿದರೆ, ಪ್ರಯೋಗ ಮಾಡಿದ ಪಾಠದಲ್ಲೇ ಅದೇ ಹಳೇ ತಪ್ಪುಗಳು. ಪೋರ್ಷನ್ ಬೇರೆ ಹಿಂದೆ ಬಿದ್ದಿದೆ. ಕ್ಲಾಸಿನಲ್ಲಿ 48 ಮಕ್ಕಳು, ಲ್ಯಾಬ್ ಅಂತ ಇರೋದು ಒಂದು ಬೀರು. "ಆಟ ಸಾಕು, ಪಾಠ ಮುಗಿಸಿ" ಅನ್ನುತ್ತಾರೆ ಹೆಡ್‌ಮಾಸ್ಟರ್. ನಿಲ್ಲಿಸಿಬಿಡಲಾ? ಇನ್ನೊಂದು, ಎಲ್ಲರೆದುರು ಪ್ರಯೋಗ ಕೈಕೊಟ್ಟರೆ ಏನು ಮಾಡಬೇಕು?

ಉತ್ತರ:

ನಿಲ್ಲಿಸಬೇಡಿ ಮೇಡಂ. ಆದರೆ ಕಡಿಮೆ ಮಾಡಿ. ವಾರಕ್ಕೆ ಎರಡು ಅಂದಿರಲ್ಲ, ಅದು ಜಾಸ್ತಿಯಾಯಿತು. ಹದಿನೈದು ದಿನಕ್ಕೆ ಒಂದು ಸಾಕು, ಆದರೆ ಆ ಒಂದನ್ನು ಪೂರ್ತಿ ಹಿಂಡಬೇಕು.

ನಿಮ್ಮ ಪತ್ರ ಓದುವಾಗ ನನಗೆ ನನ್ನದೇ ಮೊದಲ ಹತ್ತು ವರ್ಷ ನೆನಪಾಯಿತು. ಮಕ್ಕಳ ಕೈಯಲ್ಲಿ ಸಾಮಾನು ಇದೆ, ಕ್ಲಾಸಿನಲ್ಲಿ ಗದ್ದಲ ಇದೆ, ಅಂದಮೇಲೆ ಕಲಿಯುತ್ತಿದ್ದಾರೆ ಅಂತ ನಾನೂ ನಂಬಿದ್ದೆ. ನನ್ನ ನಂಬಿಕೆ ಕೆಡಿಸಿದ್ದು ಒಂದು ಮೇಣದ ಬತ್ತಿ.

ಆ ಪ್ರಯೋಗ ನಿಮಗೆ ಗೊತ್ತೇ ಇರುತ್ತದೆ. ತಟ್ಟೆಯಲ್ಲಿ ಶಾಯಿ ಬೆರೆಸಿದ ನೀರು, ನಡುವೆ ಉರಿಯುವ ಮೇಣದ ಬತ್ತಿ, ಅದರ ಮೇಲೆ ಗಾಜಿನ ಲೋಟ ಬೋರಲು ಹಾಕೋದು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. "ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು, ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ, ನೋಡಿ ನೀರೂ ಹೆಚ್ಚುಕಡಿಮೆ ಅಷ್ಟೇ ಏರಿದೆ" ಅಂತ ನಾನು ಎಷ್ಟು ವರ್ಷ ಹೇಳಿದೆನೋ. ಪುಸ್ತಕಗಳಲ್ಲೂ ಹಾಗೇ ಇರುತ್ತಿತ್ತು. ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, ಮಾತು ಕಡಿಮೆ ಅವಳದು, ಕೇಳಿದಳು: "ಸರ್, ಬತ್ತಿ ಉರಿಯುತ್ತಿದ್ದಾಗ ನೀರು ಸುಮ್ನೆ ಇತ್ತು. ಆರಿದ ಮೇಲೆ ಸರ್ರಂತ ಏರಿತು. ಆಮ್ಲಜನಕ ಖರ್ಚಾಗೋದು ಉರಿಯುವಾಗ ಅಲ್ವಾ?"

ನನ್ನ ಬಾಯಿ ಕಟ್ಟಿತು. ಅವಳು ಹೇಳಿದ್ದು ಸರಿ. ನಾನು ಅಷ್ಟು ಸಲ ಮಾಡಿ ತೋರಿಸಿದ್ದೆ, ಒಂದು ಸಲವೂ ನೋಡಿರಲಿಲ್ಲ! ನೀರು ಏರೋದಕ್ಕೆ ಮುಖ್ಯ ಕಾರಣ ಬಿಸಿ. ಜ್ವಾಲೆ ಸುತ್ತಲಿನ ಗಾಳಿಯನ್ನು ಕಾಯಿಸಿ ಹಿಗ್ಗಿಸುತ್ತದೆ. ಲೋಟ ಮುಚ್ಚುವಾಗ ಒಳಗೆ ಸೇರುವುದು ಹಿಗ್ಗಿದ ಗಾಳಿ, ಕೆಲವು ಸಲ ಅಂಚಿನಿಂದ ಗುಳ್ಳೆ ಹೊರಗೆ ಹೋಗುವುದೂ ಕಾಣುತ್ತದೆ. ಬತ್ತಿ ಆರಿದ ತಕ್ಷಣ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಆಮ್ಲಜನಕವಂತೂ ಪೂರ್ತಿ ಮುಗಿಯುವುದೇ ಇಲ್ಲ, ಶೇ. 21 ಇದ್ದದ್ದು ಸುಮಾರು 16ಕ್ಕೆ ಇಳಿಯುವಷ್ಟರಲ್ಲಿ ಬತ್ತಿ ಆರಿಬಿಡುತ್ತದೆ. ಖರ್ಚಾದ ಆಮ್ಲಜನಕದ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡ ಬಂದಿರುತ್ತದೆ, ಖಾಲಿ ಏನೂ ಇರುವುದಿಲ್ಲ. ಇದನ್ನು ಮಕ್ಕಳೇ ಪರೀಕ್ಷಿಸಬಹುದು: ಅದೇ ಲೋಟದೊಳಗೆ ಒಂದರ ಬದಲು ಮೂರು ಬತ್ತಿ ಇಡಿ. ಲೋಟದಲ್ಲಿರುವ ಆಮ್ಲಜನಕ ಅಷ್ಟೇ, ಆದರೆ ನೀರು ಮೊದಲಿಗಿಂತ ಮೇಲೆ ಏರುತ್ತದೆ. ಐದನೇ ಒಂದು ಭಾಗದ ಕಥೆ ಅಲ್ಲಿಗೆ ಮುಗಿಯಿತು.

ಇಷ್ಟುದ್ದ ಹೇಳಿದ್ದು ಯಾಕೆಂದರೆ, ನಿಮ್ಮ ಕ್ಲಾಸಿನಲ್ಲಿ ಆಗುತ್ತಿರುವುದೂ ಇದೇ. ಮಕ್ಕಳು ಪ್ರಯೋಗ ಮಾಡುತ್ತಾರೆ, ಆದರೆ ಏನನ್ನು ನೋಡಬೇಕು ಅನ್ನೋದು ಅವರಿಗೆ ಗೊತ್ತಿರುವುದಿಲ್ಲ. ಕೊನೆಗೆ ನೀವು ಹೇಳಿದ ವಾಕ್ಯ ಬರೆದುಕೊಳ್ಳುತ್ತಾರೆ. ಆ ವಾಕ್ಯ ನೋಟ್‌ಬುಕ್ಕಿನಲ್ಲಿ ಇರುತ್ತದೆ, ಹಳೇ ತಪ್ಪು ತಲೆಯಲ್ಲಿ ಹಾಗೇ ಇರುತ್ತದೆ.

ನಿಮ್ಮೊಬ್ಬರ ಕಥೆ ಅಲ್ಲ ಇದು. ಇಯಾನ್ ಅಬ್ರಹಾಮ್ಸ್ ಮತ್ತು ರಾಬಿನ್ ಮಿಲ್ಲರ್ ಅನ್ನೋ ಸಂಶೋಧಕರು ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ ಪ್ರಯೋಗ ಇದ್ದ 25 ವಿಜ್ಞಾನ ತರಗತಿಗಳಲ್ಲಿ ಕೂತು ನೋಡಿ 2008ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಸಾಮಾನು ಜೋಡಿಸಿ ಹೇಳಿದಂತೆ ಮಾಡುವುದರಲ್ಲಿ ಮಕ್ಕಳು ಪಾಸು, ಆದರೆ ಮಾಡಿದ್ದರ ಹಿಂದಿನ ವಿಚಾರವನ್ನು ಬಳಸಿ ಯೋಚಿಸುವುದು ಬಹಳ ಕಡಿಮೆ. 2004ರಲ್ಲಿ ಕ್ಯಾಥರೀನ್ ಕ್ರೌಚ್, ಎರಿಕ್ ಮಜೂರ್ ಮತ್ತು ಜೊತೆಗಾರರು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಕ್ಲಾಸಿನಲ್ಲಿ ನೋಡಿದ್ದು ಇನ್ನೂ ಕಟುವಾಗಿದೆ. ಪ್ರಯೋಗವನ್ನು ಸುಮ್ನೆ ಕೂತು ನೋಡಿದವರಿಗೂ ನೋಡದೇ ಇದ್ದವರಿಗೂ ತಿಳುವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಏನಾಗಬಹುದು ಅಂತ ಮೊದಲೇ ಊಹಿಸಿ ಆಮೇಲೆ ನೋಡಿದವರಿಗೆ ಚೆನ್ನಾಗಿ ಅರ್ಥವಾಗಿತ್ತು. ಅದಕ್ಕೆ ಹಿಡಿದದ್ದು ಕೆಲವೇ ನಿಮಿಷ ಜಾಸ್ತಿ.

ಹಾಗಾಗಿ ಮೊದಲ ಬದಲಾವಣೆ ಇಲ್ಲೇ. ಬೆಂಕಿಕಡ್ಡಿ ಗೀರುವ ಮುಂಚೆ, ಸ್ವಿಚ್ ಹಾಕುವ ಮುಂಚೆ ನಿಲ್ಲಿಸಿ. "ಈಗ ಏನಾಗುತ್ತದೆ? ಯಾಕೆ? ಬರೀರಿ." ಬಾಯಲ್ಲಿ ಹೇಳಿಸಬೇಡಿ. ಬಾಯಲ್ಲಿ ಕೇಳಿದರೆ ಮುಂದಿನ ಬೆಂಚಿನ ಇಬ್ಬರು ಹೇಳುತ್ತಾರೆ, ಮಿಕ್ಕ 46 ಮಂದಿ ತಲೆಯಾಡಿಸುತ್ತಾರೆ. ಪೆನ್ನಿನಲ್ಲಿ ಬರೆಸಿ, ಅಳಿಸೋ ಹಾಗಿಲ್ಲ. ಆಮೇಲೆ ಕೈ ಎತ್ತಿಸಿ ಲೆಕ್ಕವನ್ನು ಬೋರ್ಡ್ ಮೇಲೆ ಹಾಕಿ. ತಾನು ಬರೆದದ್ದು ಸರಿಯೋ ತಪ್ಪೋ ಅನ್ನೋ ಕುತೂಹಲ ಒಂದು ಸಲ ಹುಟ್ಟಿತು ಅಂದರೆ ಕಣ್ಣು ತಾನಾಗೇ ಸರಿಯಾದ ಜಾಗಕ್ಕೆ ಹೋಗುತ್ತದೆ. ಊಹಿಸು, ನೋಡು, ವಿವರಿಸು ಅನ್ನೋ ಈ ಕ್ರಮವನ್ನು ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ ಅನ್ನುವವರು 1992ರ ಹೊತ್ತಿಗೇ ವಿವರವಾಗಿ ಬರೆದಿಟ್ಟಿದ್ದಾರೆ. ಇದಕ್ಕೆ ಖರ್ಚಿಲ್ಲ, ಲ್ಯಾಬೂ ಬೇಡ.

ಒಂದು ಸಣ್ಣದರಿಂದ ಶುರು ಮಾಡಿ. ಒಂದೇ ಅಳತೆಯ ಎರಡು ಮಂಜುಗಡ್ಡೆ ತುಂಡು ತನ್ನಿ. ಒಂದನ್ನು ಉಣ್ಣೆ ಬಟ್ಟೆಯಲ್ಲಿ ದಪ್ಪಗೆ ಸುತ್ತಿ, ಇನ್ನೊಂದನ್ನು ಬರೀ ತಟ್ಟೆಯಲ್ಲಿ ಇಡಿ. ಯಾವುದು ಬೇಗ ಕರಗುತ್ತದೆ? ಕ್ಲಾಸಿನ ದೊಡ್ಡ ಪಾಲು ಉಣ್ಣೆಯಲ್ಲಿರೋದು ಅನ್ನುತ್ತದೆ, ಉಣ್ಣೆ ಬಿಸಿ ಕೊಡುತ್ತದೆ ಅಲ್ವಾ ಅಂತ ಕಾರಣ ಬೇರೆ. ಪಾಠ ಮುಂದುವರಿಸಿ, ಪೀರಿಯಡ್ ಮುಗಿಯುವ ಹತ್ತು ನಿಮಿಷ ಮುಂಚೆ ಬಿಚ್ಚಿ ತೋರಿಸಿ. ಉಣ್ಣೆಯೊಳಗಿನದೇ ದೊಡ್ಡದಾಗಿ ಉಳಿದಿರುತ್ತದೆ. ಕೆಲವರು ಅದನ್ನೂ ಒಪ್ಪುವುದಿಲ್ಲ, "ಗಾಳಿ ಹೋಗಲಿಲ್ಲ ಅದಕ್ಕೆ" ಅಂತ ಹೊಸ ಕಾರಣ ಹುಡುಕುತ್ತಾರೆ. ಹುಡುಕಲಿ ಬಿಡಿ, ಅದರಲ್ಲೂ ಸ್ವಲ್ಪ ನಿಜ ಇದೆ. ಆಗ ಒಂದು ಥರ್ಮಾಮೀಟರನ್ನು ಒಣಗಿದ ಉಣ್ಣೆಯೊಳಗೆ ಸುತ್ತಿಟ್ಟು ಮರುದಿನ ನೋಡಲು ಹೇಳಿ. ಕೋಣೆಯಲ್ಲಿ ಎಷ್ಟೋ ಅಷ್ಟೇ ಇರುತ್ತದೆ. ಹಾಗಾದರೆ ಸ್ವೆಟರ್ ಹಾಕಿದರೆ ಬೆಚ್ಚಗಾಗೋದು ಯಾಕೆ? ಈ ಪ್ರಶ್ನೆ ಕೇಳಿ ಸುಮ್ಮನಾಗಿ. ಉತ್ತರ ಹೇಳಬೇಡಿ. ಅರ್ಧ ನಿಮಿಷದ ಮೌನ ತಡೆದುಕೊಳ್ಳುವುದು ಮಾಸ್ತರಿಕೆಯಲ್ಲಿ ಅತ್ಯಂತ ಕಷ್ಟದ ಕೆಲಸ, ನನಗೆ ಈಗಲೂ ಪೂರ್ತಿ ಬಂದಿಲ್ಲ.

ಇನ್ನು ಒಂದನ್ನೇ ಹಿಂಡುವುದು ಹೇಗೆ ಅಂತ. ಲೋಲಕ ತೆಗೆದುಕೊಳ್ಳಿ. ದಾರ, ಕಬ್ಬಿಣದ ನಟ್ಟು, ಗಡಿಯಾರ, ಅಷ್ಟೇ ಸಾಮಾನು. ಮಾಮೂಲಾಗಿ ನಾವೇನು ಮಾಡುತ್ತೇವೆ? ವಿಧಾನ ಬೋರ್ಡ್ ಮೇಲೆ ಬರೆದು, ಕೋಷ್ಟಕ ಹಾಕಿಕೊಟ್ಟು, ಸಂಖ್ಯೆ ತುಂಬಿಸುತ್ತೇವೆ. ಅಡುಗೆ ಪುಸ್ತಕ ಓದಿ ಅಡುಗೆ ಮಾಡಿದ ಹಾಗೆ. ಅದರ ಬದಲು ಪ್ರಶ್ನೆ ಮಾತ್ರ ಕೊಡಿ: ಲೋಲಕ ಬೇಗ ಬೇಗ ಆಡಬೇಕಾದರೆ ಏನನ್ನು ಬದಲಾಯಿಸಬೇಕು? ಭಾರ, ದಾರದ ಉದ್ದ, ಎಷ್ಟು ದೂರ ಎಳೆದು ಬಿಡುತ್ತೇವೆ ಅನ್ನೋದು, ಈ ಮೂರನ್ನೂ ಮಕ್ಕಳೇ ಹೇಳುತ್ತಾರೆ. ಭಾರ ಅನ್ನುವವರೇ ಜಾಸ್ತಿ.

ಮೊದಲ ಜಗಳ ಸಮಯದ್ದು. ಒಂದು ಸಲ ಆಡಿದ್ದನ್ನು ಸ್ಟಾಪ್‌ವಾಚಿನಲ್ಲಿ ಅಳೆಯುತ್ತಾರೆ, ಮೂರು ಜನ ಅಳೆದರೆ ಮೂರು ಉತ್ತರ. ಬಟನ್ ಒತ್ತುವಾಗಲೇ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೆಚ್ಚುಕಡಿಮೆ ಆಗಿಬಿಡುತ್ತದೆ. ಹತ್ತು ಸಲ ಆಡಿದ್ದನ್ನು ಅಳೆದು ಹತ್ತರಿಂದ ಭಾಗಿಸಿದರೆ ಆ ತಪ್ಪೂ ಹತ್ತು ಪಾಲಾಗುತ್ತದೆ. ಈ ಉಪಾಯವನ್ನು ನೀವು ಹೇಳಿಕೊಡಬೇಡಿ, ಜಗಳ ಆಡಲಿ, ಯಾವುದೋ ಒಂದು ಗುಂಪು ಕಂಡುಹಿಡಿಯುತ್ತದೆ. ಎರಡನೇದು ಇನ್ನೂ ಚೆನ್ನಾಗಿದೆ. ಭಾರ ಜಾಸ್ತಿ ಮಾಡಿ ಅಂದರೆ ಮಕ್ಕಳು ಒಂದು ನಟ್ಟಿನ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು ನೇತುಹಾಕುತ್ತಾರೆ. ಆಡಿಸಿ ನೋಡಿದರೆ ಸಮಯ ಬದಲಾಗಿಬಿಡುತ್ತದೆ! "ಸರ್, ಭಾರ ಹೆಚ್ಚಾದರೆ ನಿಧಾನ ಆಗುತ್ತದೆ" ಅಂತ ಓಡಿ ಬರುತ್ತಾರೆ. ನಿಜವಾಗಿ ಅವರು ಬದಲಾಯಿಸಿದ್ದು ಉದ್ದವನ್ನು. ಲೋಲಕದ ಉದ್ದ ಲೆಕ್ಕಕ್ಕೆ ಬರೋದು ಗುಂಡಿನ ನಡುಭಾಗದವರೆಗೆ, ಕೆಳಗೆ ಕೆಳಗೆ ಪೋಣಿಸಿದರೆ ಆ ನಡುಭಾಗ ಕೆಳಗಿಳಿಯುತ್ತದೆ. ಪಕ್ಕದ ಗುಂಪಿನವರು ಮೂರೂ ನಟ್ಟುಗಳನ್ನು ಒಂದೇ ಮಟ್ಟದಲ್ಲಿ ಕಟ್ಟಿರುತ್ತಾರೆ, ಅವರಿಗೆ ಸಮಯ ಬದಲಾಗಿರುವುದಿಲ್ಲ. ಆ ಎರಡು ಗುಂಪನ್ನು ಎದುರುಬದುರು ನಿಲ್ಲಿಸಿ, ನಿಮ್ಮಿಬ್ಬರಲ್ಲಿ ಒಬ್ಬರ ಫಲಿತಾಂಶಕ್ಕೆ ಬೇರೇನೋ ಕಾರಣ ಇದೆ, ಏನು ಅಂತ ಹುಡುಕಿ ಅನ್ನಿ. "ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು" ಅನ್ನೋ ಮಾತನ್ನು ನೂರು ಸಲ ಬರೆಸಿದರೂ ಹತ್ತದ್ದು ಇಲ್ಲಿ ಹತ್ತು ನಿಮಿಷದಲ್ಲಿ ಹತ್ತುತ್ತದೆ.

ಉದ್ದದ್ದು ಕೊನೆಗೆ. 25 ಸೆಂ.ಮೀ. ದಾರಕ್ಕೆ ಹೋಗಿಬರುವ ಒಂದು ಆಟಕ್ಕೆ ಹತ್ತಿರ ಹತ್ತಿರ 1 ಸೆಕೆಂಡ್, 1 ಮೀಟರಿಗೆ ಹತ್ತಿರ ಹತ್ತಿರ 2 ಸೆಕೆಂಡ್. ಉದ್ದ ನಾಲ್ಕು ಪಟ್ಟು, ಸಮಯ ಎರಡೇ ಪಟ್ಟು. 50 ಸೆಂ.ಮೀ.ಗೆ ಎಷ್ಟು ಅಂತ ಊಹಿಸಿ ಅಂದರೆ ಎಲ್ಲರೂ ಒಂದೂಕಾಲು, ಒಂದೂವರೆ ಅಂತ ಏನೋ ಹೇಳುತ್ತಾರೆ. ಅಳೆದರೆ 1.4 ಚಿಲ್ಲರೆ. ಗ್ರಾಫ್ ಹಾಕಿಸಿ, ಗೆರೆ ಯಾಕೆ ಬಾಗಿದೆ ಕೇಳಿ. ಸೂತ್ರ ಬೋರ್ಡಿಗೆ ಬರಬೇಕಾದ್ದು ಈಗ. ದೂರ ಎಳೆದು ಬಿಡೋದರ ವಿಷಯದಲ್ಲಿ ಹುಷಾರು, ಸಣ್ಣ ಕೋನಗಳಿಗೆ ಮಾತ್ರ ಸಮಯ ಬದಲಾಗುವುದಿಲ್ಲ. ತುಂಬಾ ಎಳೆದು ಬಿಟ್ಟರೆ ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ, ಅದನ್ನು ಯಾರಾದರೂ ಗಮನಿಸಿದರೆ ಬೈಯಬೇಡಿ, ಭೇಷ್ ಅನ್ನಿ.

ಇದಕ್ಕೆ ಮೂರು ಪೀರಿಯಡ್ ಬೇಕು. ಹೌದು, ಮೂರು. ಪೋರ್ಷನ್ ಹಿಂದೆ ಬಿದ್ದಿದೆ ಅಂದಿರಲ್ಲ, ಅದಕ್ಕೇ ನಾನು ಮೊದಲೇ ಹೇಳಿದ್ದು, ಸಂಖ್ಯೆ ಕಡಿಮೆ ಮಾಡಿ ಅಂತ. ಎಲ್ಲ ಪಾಠಕ್ಕೂ ಪ್ರಯೋಗ ಬೇಕಿಲ್ಲ. ಧಾತುಗಳ ಚಿಹ್ನೆ, ಅಂಗಗಳ ಹೆಸರು, ಏಕಮಾನಗಳು, ಇವನ್ನೆಲ್ಲ ನೇರವಾಗಿ ಹೇಳಿಕೊಟ್ಟು ಬಾಯಿಪಾಠ ಮಾಡಿಸಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಯಾವ ಪಾಠದಲ್ಲಿ ಮಕ್ಕಳ ತಲೆಯಲ್ಲಿ ಮೊದಲೇ ಒಂದು ತಪ್ಪು ಬೇರು ಬಿಟ್ಟಿದೆಯೋ ಅಲ್ಲಿ ಮಾತ್ರ ಪ್ರಯೋಗ ಮಾಡಿಸಿ. ಶಾಖ, ವಿದ್ಯುತ್, ಬಲ, ತೇಲುವುದು ಮುಳುಗುವುದು, ಗಿಡ ತನ್ನ ತೂಕವನ್ನು ಎಲ್ಲಿಂದ ತರುತ್ತದೆ, ಇಂಥವು. ವರ್ಷಕ್ಕೆ ಹನ್ನೆರಡು ಹದಿನೈದು ಆದರೆ ಧಾರಾಳವಾಯಿತು. ಹಾಗಂತ ಸಾಮಾನು ಕೊಟ್ಟು "ನೀವೇ ಕಂಡುಹಿಡೀರಿ" ಅಂತ ಕೈಬಿಡುವುದೂ ಕೆಲಸಕ್ಕೆ ಬರುವುದಿಲ್ಲ. ಏನೂ ಗೊತ್ತಿಲ್ಲದ ಮಗುವಿಗೆ ಅದು ಕಾಡಲ್ಲಿ ಬಿಟ್ಟ ಹಾಗೆ. ಲೋಲಕದಲ್ಲಿ ನಾನು ಉತ್ತರ ಹೇಳಲಿಲ್ಲ ನಿಜ, ಆದರೆ ಯಾವ ಗುಂಪನ್ನು ಯಾವ ಗುಂಪಿನ ಎದುರು ನಿಲ್ಲಿಸಬೇಕು ಅಂತ ಮೊದಲೇ ಯೋಚಿಸಿಟ್ಟಿದ್ದೆ.

48 ಮಕ್ಕಳು, ಒಂದು ಬೀರು. ನಾಲ್ಕು ನಾಲ್ಕು ಮಂದಿಯ ಹನ್ನೆರಡು ಗುಂಪು ಮಾಡಿ. ಒಬ್ಬರು ಕೈಯಿಂದ ಮಾಡೋದು, ಒಬ್ಬರು ಅಳೆಯೋದು, ಒಬ್ಬರು ಬರೆಯೋದು, ನಾಲ್ಕನೆಯವರ ಕೆಲಸ ಬರೀ ಅನುಮಾನ ಪಡೋದು. "ಇನ್ನೊಂದು ಸಲ ಅಳೆದರೆ ಇದೇ ಬರುತ್ತಾ?" ಅಂತ ಕೇಳುತ್ತಾ ಇರಬೇಕು. ತರಲೆ ಹುಡುಗರಿಗೆ ಈ ಕೆಲಸ ಹೇಳಿ ಮಾಡಿಸಿದ ಹಾಗಿರುತ್ತದೆ. ಪ್ರತಿ ಸಲ ಕೆಲಸ ಬದಲಾಗಲೇಬೇಕು, ಇಲ್ಲದಿದ್ದರೆ ಸಾಮಾನೆಲ್ಲ ಹುಡುಗರ ಕೈಗೆ, ಪೆನ್ನು ಹುಡುಗಿಯರ ಕೈಗೆ ಹೋಗಿ ಕೂರುತ್ತದೆ. ಎಷ್ಟು ಕ್ಲಾಸುಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ವಿದ್ಯುತ್ ಪಾಠಕ್ಕಂತೂ ಗುಂಪಿಗೆ ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಒಂದೇ ಒಂದು ತುಂಡು ವೈರ್ ಸಾಕು. ಬಲ್ಬ್ ಉರಿಸಿ ಅನ್ನಿ, ಮೊದಲು ಚಿತ್ರ ಬರೆದು ಆಮೇಲೆ ಜೋಡಿಸಲಿ. ಬಲ್ಬಿಗೆ ಎರಡು ಕಡೆ ಸಂಪರ್ಕ ಬೇಕು, ತಳದ ಚುಕ್ಕೆ ಒಂದು, ಪಕ್ಕದ ಲೋಹದ ಕವಚ ಇನ್ನೊಂದು ಅನ್ನೋದು ದೊಡ್ಡವರಿಗೂ ಎಷ್ಟೋ ಸಲ ಹೊಳೆಯುವುದಿಲ್ಲ. ಹಳೇ ತಂತಿಯ ಬಲ್ಬೇ ಬೇಕು, ಎಲ್‌ಇಡಿ ತಂದರೆ 1.5 ವೋಲ್ಟಿನ ಒಂದೇ ಸೆಲ್ಲಿಗೆ ಅದು ಹತ್ತುವುದಿಲ್ಲ. ಸೆಲ್ಲಿನ ಎರಡು ತುದಿಗೂ ನೇರ ವೈರ್ ಇಟ್ಟರೆ ಬಿಸಿಯಾಗುತ್ತದೆ, ತಕ್ಷಣ ಬಿಡಲು ಹೇಳಿ.

ಸುರಕ್ಷತೆ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಗೋಡೆಯ ಕರೆಂಟು ಮಕ್ಕಳ ಕೈಗೆ ಬೇಡ, ಸೆಲ್ ಮಾತ್ರ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು. ಮಸೂರದಿಂದ ಸೂರ್ಯನನ್ನು ನೋಡುವ ಮಾತೇ ಇಲ್ಲ. ಎರಡು ಅಂತ ಹೇಳಿ ಮೂರು ಹೇಳಿದೆ, ಇರಲಿ.

ಸೃಜನಶೀಲತೆ ಅಂದರೆ ಬಣ್ಣ ಬಳಿದ ಮಾಡೆಲ್ ಅಂತ ಒಂದು ರೂಢಿ ಆಗಿದೆ, ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಸೌರವ್ಯೂಹದ ಮಾಡೆಲ್ ತಂದುಕೊಟ್ಟ ಮಗುವಿಗೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಿನ್ನ ಮಾಡೆಲ್ ಎಲ್ಲಿ ಸುಳ್ಳು ಹೇಳುತ್ತಿದೆ?" ಸೂರ್ಯನನ್ನು 10 ಸೆಂ.ಮೀ. ಚೆಂಡು ಮಾಡಿದರೆ ಭೂಮಿ ಒಂದು ಮಿ.ಮೀ.ಗಿಂತ ಕಡಿಮೆ, ಪೆನ್ನಿನಲ್ಲಿ ಇಟ್ಟ ಚುಕ್ಕೆಯಷ್ಟು, ಅದನ್ನು ಇಡಬೇಕಾದ್ದು ಸುಮಾರು 11 ಮೀಟರ್ ದೂರದಲ್ಲಿ. ನೆಪ್ಚೂನ್ 300 ಮೀಟರ್ ದಾಟಿ ಎಲ್ಲೋ. ಒಂದು ಸಲ ಮೈದಾನದಲ್ಲಿ ಈ ಲೆಕ್ಕ ನಡೆದು ನೋಡಿದ ಮಗು ರಟ್ಟಿನ ಮೇಲೆ ಅಂಟಿಸಿದ ಗ್ರಹಗಳನ್ನು ಮತ್ತೆ ನಂಬುವುದಿಲ್ಲ. ಇಲ್ಲದಿದ್ದರೆ ಸವಾಲು ಕೊಡಿ: ಮಂಜುಗಡ್ಡೆಯನ್ನು ಅತಿ ಹೆಚ್ಚು ಹೊತ್ತು ಉಳಿಸುವ ಡಬ್ಬಿ ಮಾಡಿ, ನಿಧಾನವಾಗಿ ಇಳಿಯುವ ಕಾಗದದ ಹೆಲಿಕಾಪ್ಟರ್ ಮಾಡಿ. ನಿಯಮ ಒಂದೇ, ಪ್ರತಿ ಬದಲಾವಣೆಗೂ ಕಾರಣ ಬರೆಯಬೇಕು. "ರೆಕ್ಕೆ ಉದ್ದ ಮಾಡಿದೆ, ಯಾಕೆಂದರೆ..." ಆ ಯಾಕೆಂದರೆ ಇಲ್ಲದಿದ್ದರೆ ಅದು ಕರಕುಶಲ, ವಿಜ್ಞಾನ ಅಲ್ಲ.

ಈಗ ಅಂಕದ ವಿಷಯ, ಹೆಡ್‌ಮಾಸ್ಟರರ ವಿಷಯ. ಪ್ರಯೋಗ ಮುಗಿದ ದಿನವೇ ಐದಾರು ಸಾಲು ಬರೆಸಿ: ನಾನು ಏನು ಹೇಳುತ್ತೇನೆ, ನಾನು ಕಂಡದ್ದು ಯಾವುದು ಅದಕ್ಕೆ ಸಾಕ್ಷಿ, ಆ ಸಾಕ್ಷಿಯಿಂದ ಹೀಗೆ ಹೇಳಬಹುದು ಅನ್ನೋದಕ್ಕೆ ಕಾರಣ ಏನು. ಮೊದಲು ಬರೆದ ಊಹೆಯ ಪಕ್ಕದಲ್ಲೇ ಇದು ಇರಲಿ. ರೆಕಾರ್ಡ್ ಬುಕ್ಕಿನ ಉದ್ದೇಶ, ಸಾಮಗ್ರಿ, ವಿಧಾನ ಅನ್ನೋ ಸಾಲುಗಳನ್ನು ನಕಲು ಹೊಡೆಸುವ ಹೊತ್ತನ್ನು ಇಲ್ಲಿಗೆ ತನ್ನಿ. ಪರೀಕ್ಷೆಯಲ್ಲಿ ನಾಲ್ಕು ಅಂಕದ ಕಾರಣ ಕೊಡಿ ಪ್ರಶ್ನೆಗೆ ಬೇಕಾದ ಅಭ್ಯಾಸ ಇದೇ ಅಲ್ವಾ? ನಿಮ್ಮ ಟೆಸ್ಟನ್ನೂ ಸ್ವಲ್ಪ ತಿರುಗಿಸಿ. "ಲೋಲಕದ ನಿಯಮ ಬರೆಯಿರಿ" ಅಂತ ಕೇಳಿದರೆ ಪ್ರಯೋಗ ಮಾಡಿದವರಿಗೂ ಬಾಯಿಪಾಠ ಮಾಡಿದವರಿಗೂ ವ್ಯತ್ಯಾಸ ಕಾಣುವುದಿಲ್ಲ. "ಒಬ್ಬ ಹುಡುಗ ನಟ್ಟುಗಳನ್ನು ಒಂದರ ಕೆಳಗೊಂದು ಕಟ್ಟಿ ಭಾರದಿಂದ ಸಮಯ ಬದಲಾಯಿತು ಅಂದ, ಅವನ ತಪ್ಪೇನು" ಅಂತ ಕೇಳಿ ನೋಡಿ. ಆ ಉತ್ತರ ಪತ್ರಿಕೆಗಳ ಜೊತೆಗೆ ಮೊದಲ ಊಹೆಗಳ ನೋಟ್‌ಬುಕ್ ಇಟ್ಟು ಹೆಡ್‌ಮಾಸ್ಟರಿಗೆ ತೋರಿಸಿ. ವಾದ ಮಾಡಬೇಡಿ, ಎರಡನ್ನೂ ಅವರ ಮೇಜಿನ ಮೇಲೆ ಇಟ್ಟು ಬನ್ನಿ. ಮಕ್ಕಳೂ ಶುರುವಿನಲ್ಲಿ ಗೊಣಗುತ್ತಾರೆ, "ಮಿಸ್, ಉತ್ತರ ಹೇಳಿಬಿಡಿ, ಬರೆದುಕೊಳ್ಳುತ್ತೇವೆ" ಅಂತ. ಅದಕ್ಕೂ ಹೆದರಬೇಡಿ. 2019ರಲ್ಲಿ ಹಾರ್ವರ್ಡ್‌ನಲ್ಲೇ ಇನ್ನೊಂದು ತಂಡ ಹೋಲಿಸಿ ನೋಡಿದಾಗ, ತಾವೇ ತಲೆಕೆಡಿಸಿಕೊಂಡು ಕಲಿತ ವಿದ್ಯಾರ್ಥಿಗಳು ಟೆಸ್ಟಿನಲ್ಲಿ ಜಾಸ್ತಿ ಅಂಕ ತೆಗೆದಿದ್ದರು, ಆದರೆ ತಾವು ಕಡಿಮೆ ಕಲಿತೆವು ಅಂತ ಅಂದುಕೊಂಡಿದ್ದರು. ಸಲೀಸಾದ ಉಪನ್ಯಾಸ ಕೇಳಿದವರಿಗೆ ಎಲ್ಲ ಅರ್ಥವಾಯಿತು ಅನ್ನಿಸಿತ್ತು.

ಕೊನೆಯದು, ಪ್ರಯೋಗ ಕೈಕೊಟ್ಟರೆ. ಕೊಡುತ್ತದೆ, ಖಂಡಿತ ಕೊಡುತ್ತದೆ. ಹಿಂದಿನ ಸಂಜೆ ಒಬ್ಬರೇ ಒಂದು ಸಲ ಮಾಡಿ ನೋಡಿಕೊಂಡರೆ ಅರ್ಧ ಅಪಾಯ ತಪ್ಪುತ್ತದೆ. ಮಿಕ್ಕರ್ಧಕ್ಕೆ ನಾನು ಮಾಡುತ್ತಿದ್ದದ್ದು ಇಷ್ಟು: ಬೋರ್ಡಿನ ಒಂದು ಮೂಲೆಯಲ್ಲಿ "ಯಾಕೆ ಹೀಗಾಯಿತು?" ಅಂತ ಬರೆದು, ಮಕ್ಕಳು ಹೇಳಿದ ಕಾರಣಗಳನ್ನೆಲ್ಲ ಅದರ ಕೆಳಗೆ ಪಟ್ಟಿ ಮಾಡಿ, ಅವುಗಳಲ್ಲಿ ಯಾವುದನ್ನು ಈಗಲೇ ಪರೀಕ್ಷಿಸಬಹುದು ಅಂತ ಕೇಳೋದು. ಸೆಲ್ ಮುಗಿದಿದೆಯಾ, ಬೇರೆ ಸೆಲ್ ಹಾಕಿ ನೋಡೋಣ. ವೈರಿನ ಪ್ಲಾಸ್ಟಿಕ್ ಸರಿಯಾಗಿ ಸುಲಿದಿಲ್ಲವಾ, ಸುಲಿಯೋಣ. ಆ ಮೇಣದ ಬತ್ತಿಯ ದಿನ ಹುಡುಗಿಗೆ ನಾನು ಕೊಟ್ಟ ಉತ್ತರ "ನನಗೆ ಗೊತ್ತಿಲ್ಲ, ನಾಳೆ ಇನ್ನೂ ಎರಡು ಬತ್ತಿ ತಾ" ಅಂತ. ಮರುದಿನ ಅವಳು ಐದು ತಂದಿದ್ದಳು.